ಕೆಸರಿನಲ್ಲಿ ಸಿಕ್ಕ ಸರ: ಎಐ ಬರೆದುಕೊಟ್ಟ ಕೋಡಿನ ಒಂದು ಪ್ರಕರಣ

ರಾತ್ರಿ ಒಂಬತ್ತಕ್ಕೆ ತೀರ್ಥಹಳ್ಳಿಯಿಂದ ದೊಡ್ಡಪ್ಪನ ಫೋನ್. ಹಲೋ ಗಿಲೋ ಏನೂ ಇಲ್ಲ. ‘ಎಂತ ಮಾರಾಯ ಇದು, ಕೈ ಕೆಸರಾದರೆ ಬಾಯಿ ಮೊಸರು ಅನ್ನೋ ಗಾದೆಯಲ್ಲಿ ಸರ ಎಲ್ಲಿಂದ ಬಂತು? ಅದೂ ಎರಡು ಸರ! ಕೆಸರು ಹುಡುಕಿದರೆ ಇಲ್ಲ, ಮೊಸರು ಹುಡುಕಿದರೆ ಇಲ್ಲ. ಸರ ಇದೆ, ದರ ಇದೆ. ಇದೇನು ಚಿನ್ನದ ಅಂಗಡಿಯಾ?’

ಅವತ್ತು ಮಧ್ಯಾಹ್ನವಷ್ಟೇ ಅವರಿಗೆ ಪಿಡಿಎಫ್ ಕಳಿಸಿದ್ದೆ. ಜೊತೆಗೆ ಬಹಳ ಹೆಮ್ಮೆಯಿಂದ ‘ಎಐ ಹತ್ತು ನಿಮಿಷದಲ್ಲಿ ಮಾಡಿಕೊಟ್ಟಿತು ದೊಡ್ಡಪ್ಪ, ಒಂದೂ ಎರರ್ ಇಲ್ಲ’ ಅಂತ ಬರೆದಿದ್ದೆ. ಎರರ್ ಇರಲಿಲ್ಲ, ನಿಜ. ಅದೇ ಈ ಕಥೆಯ ತೊಂದರೆ.

ಎಐ ಬರೆಯುವ ಕೋಡ್ ನಿಜವಾಗಿ ಕೆಲಸ ಮಾಡುತ್ತದಾ ಅಂತ ಯಾರು ಕೇಳಿದರೂ ನಾನು ಈಗ ಇದೊಂದು ಪ್ರಕರಣ ಹೇಳುತ್ತೇನೆ. ಇದು ಚಿಕ್ಕದು. ಬ್ಯಾಂಕಿನ ಸಾಫ್ಟ್‌ವೇರ್ ಅಲ್ಲ, ರಾಕೆಟ್ ಅಲ್ಲ, ಒಂದು ಗಾದೆ ಪುಸ್ತಕದ ಪದಸೂಚಿ. ಆದರೆ ಚಿಕ್ಕದಾದ್ದರಿಂದಲೇ ಎಲ್ಲಿ ಏನು ತಪ್ಪಿತು ಅಂತ ಕೊನೆಯ ಸಾಲಿನವರೆಗೆ ನೋಡಲು ಸಾಧ್ಯವಾಯಿತು.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಊರೂರಿನ ಗಾದೆ ಕೂಡಿಹಾಕುವುದು ಅವರ ಹುಚ್ಚು. 2,000ಕ್ಕೂ ಜಾಸ್ತಿ ಇವೆ. ಅರ್ಧವನ್ನು ಅವರೇ ಹಿಂದೆ ಶಾಲೆಯ ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಅದನ್ನು ಆಮೇಲೆ ಯಾರೋ ಯೂನಿಕೋಡಿಗೆ, ಅಂದರೆ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದೊಂದು ನಂಬರ್ ಕೊಡುವ ಈಗಿನ ಪದ್ಧತಿಗೆ, ಬದಲಿಸಿಕೊಟ್ಟರು. ಉಳಿದರ್ಧ ಅಕ್ಕನ ಮಗಳು ಫೋನಿನಲ್ಲಿ ಟೈಪ್ ಮಾಡಿದ್ದು. ಈಗ ಅವರಿಗೆ ಬೇಕಿದ್ದು ಇಷ್ಟೇ: ಯಾವ ಪದ ಯಾವ ಯಾವ ಗಾದೆಯಲ್ಲಿದೆ ಎಂಬ ಸೂಚಿ, ಅಕಾರಾದಿಯಾಗಿ. ‘ಮೊಸರು’ ಅಂತ ನೋಡಿದರೆ ಮೊಸರಿರುವ ಗಾದೆಗಳ ನಂಬರೆಲ್ಲ ಸಿಗಬೇಕು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಅಂದರೆ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವುದೇ ನನ್ನ ಸಂಬಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗುವುದಕ್ಕೆ ಅನುಕೂಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಡು ಅಂತ ಎಐಗೆ ಹೇಳಿದೆ. ಕೇಳಿದ್ದು ಇಂಗ್ಲಿಷಿನಲ್ಲಿ. ಫೈಲ್ ಓದು, ಪದಗಳನ್ನು ಬೇರ್ಪಡಿಸು, ಒಂದೇ ಅಕ್ಷರದ ಚೂರುಗಳನ್ನು ಬಿಡು, ಅಕಾರಾದಿಯಾಗಿ ಜೋಡಿಸು, ಕೋಡ್ ಸರಿಯಿದೆಯಾ ಅಂತ ತಾಳೆ ನೋಡುವ ಟೆಸ್ಟುಗಳನ್ನೂ ಬರೆ. ನಿಮಿಷದೊಳಗೆ ಕೋಡ್ ಬಂತು. ಓದಲು ಚೆನ್ನಾಗಿತ್ತು, ನಿಜಕ್ಕೂ. ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಅಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ. ಟೆಸ್ಟ್ ಓಡಿಸಿದೆ, ಎಲ್ಲ ಹಸಿರು, ಅಂದರೆ ಪಾಸ್. ಟರ್ಮಿನಲ್ಲಿನಲ್ಲಿ, ಅಂದರೆ ಪ್ರೋಗ್ರಾಂ ಓಡಿಸುವ ಬರೀ ಅಕ್ಷರಗಳ ಕಿಟಕಿಯಲ್ಲಿ, ಸೂಚಿ ಹರಿದುಹೋಯಿತು. ಅಕ್ಷರಗಳು ಸ್ವಲ್ಪ ಒಡೆದಂತೆ ಕಂಡವು. ಆದರೆ ಟರ್ಮಿನಲ್ಲಿನಲ್ಲಿ ಕನ್ನಡ ಯಾವತ್ತು ನೆಟ್ಟಗೆ ಕಂಡಿದೆ ಹೇಳಿ? ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ ಬೀಳುವುದು ಮಾಮೂಲು. ಅದು ಟರ್ಮಿನಲ್ಲಿನ ಹಣೆಬರಹ ಅಂದುಕೊಂಡು ಪಿಡಿಎಫ್ ಮಾಡಿ ಕಳಿಸಿಬಿಟ್ಟೆ.

ಆಗಿದ್ದೇನೆಂದರೆ, ಪದ ಬೇರ್ಪಡಿಸಲು ಎಐ ಬಳಸಿದ್ದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್ ಎಂಬ ಚಿಹ್ನೆ. ಪ್ರೋಗ್ರಾಮಿಂಗ್ ಕಲಿತವರಿಗೆಲ್ಲ ಗೊತ್ತಿರುವುದು: ‘ಅಕ್ಷರ ಅಥವಾ ಅಂಕಿ ಒಂದರ ಪಕ್ಕ ಒಂದು ಬಂದರೆ ಅದು ಪದ’. ಇಂಗ್ಲಿಷಿಗೆ ಇದು ಸರಿ. ಕನ್ನಡದ ಕಥೆ ಬೇರೆ. ಯೂನಿಕೋಡಿನಲ್ಲಿ ‘ಮೊ’ ಒಂದು ಅಕ್ಷರ ಅಲ್ಲ, ‘ಮ’ ಒಂದು, ಒತ್ವದ ಚಿಹ್ನೆ ಇನ್ನೊಂದು. ‘ಮ’ವನ್ನು ಪೈಥಾನ್ ಅಕ್ಷರ ಎಂದು ಒಪ್ಪುತ್ತದೆ. ಒತ್ವವನ್ನು ಒಪ್ಪುವುದಿಲ್ಲ, ಅದು ಬರೀ ಗುರುತು ಅನ್ನುತ್ತದೆ. ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತಕ್ಷರ ಮಾಡಲು ಬಳಸುವ ಅರ್ಧಾಕ್ಷರದ ಗುರುತು, ಯಾವುದೂ ಅದರ ಲೆಕ್ಕಕ್ಕೆ ಅಕ್ಷರವೇ ಅಲ್ಲ. ಹಾಗಾಗಿ ಅಂಥ ಪ್ರತಿ ಗುರುತಿನ ಹತ್ತಿರವೂ ಪದ ಕತ್ತರಿಸಿ ಹೋಗುತ್ತದೆ.

‘ಕೆಸರಾದರೆ’ ಕತ್ತರಿಸಿದರೆ ಕ, ಸರ, ದರ. ‘ಮೊಸರು’ ಕತ್ತರಿಸಿದರೆ ಮ, ಸರ. ‘ಕೈ’ ಹೋಗಿ ಬರೀ ಕ. ‘ಬಾಯಿ’ ಹೋಗಿ ಬ ಮತ್ತು ಯ. ಒಂದೇ ಅಕ್ಷರದವನ್ನು ಬಿಡು ಅಂತ ನಾನೇ ಹೇಳಿದ್ದೆನಲ್ಲ, ಅವೆಲ್ಲ ಹೋದವು. ಉಳಿದದ್ದು ಸರ, ದರ, ಸರ. ಮೂರೂ ಕನ್ನಡದ ನಿಜವಾದ ಪದಗಳೇ! ‘ಹಿತ್ತಲ ಗಿಡ ಮದ್ದಲ್ಲ’ ಎಂಬುದರಲ್ಲಿ ಗಿಡವೂ ಇಲ್ಲ, ಮದ್ದೂ ಇಲ್ಲ, ‘ಮದ’ ಇತ್ತು. ನನಗೆ ಜಾಸ್ತಿ ನಗು ಬಂದದ್ದು ‘ಅಳಿಯ ಅಲ್ಲ, ಮಗಳ ಗಂಡ’ ನೋಡಿ. ‘ಗಂಡ’ ಎಂಬುದರ ಸೊನ್ನೆಯ ಹತ್ತಿರ ಕತ್ತರಿ ಬಿದ್ದು ಗ, ಡ ಎರಡೂ ಒಂಟಿ ಅಕ್ಷರಗಳಾಗಿ ಕಸಕ್ಕೆ ಹೋಗಿವೆ. ‘ಮಗಳ’ ಎಂಬುದರಲ್ಲಿ ಯಾವ ಗುರುತೂ ಇಲ್ಲದ್ದರಿಂದ ಅದು ಇಡಿಯಾಗಿ ಉಳಿದಿದೆ. ಮಗಳು ಇದ್ದಾಳೆ, ಗಂಡ ಮಾಯ.

ಅದು ಪೂರ್ತಿ ಕಸ ಕಕ್ಕಿದ್ದರೆ ನನಗೂ ಗೊತ್ತಾಗುತ್ತಿತ್ತು. ಪದದ ಥರ ಕಾಣುವ ಕಸ ಕೊಟ್ಟಿತು.

ಸರಿ, ಹಾಗಾದರೆ ಟೆಸ್ಟುಗಳು ಹೇಗೆ ಪಾಸ್ ಆದವು? ಆ ರಾತ್ರಿಯೇ ಕೂತು ಅವನ್ನು ಓದಿದೆ. ಮೊದಲೇ ಓದಬೇಕಿತ್ತು, ಗೊತ್ತು. ಹೆಚ್ಚಿನವು ಇಂಗ್ಲಿಷ್ ವಾಕ್ಯಗಳ ಮೇಲೆ. ಕನ್ನಡದ್ದು ಒಂದಿತ್ತು. ಅದರಲ್ಲಿ ನೋಡುತ್ತಿದ್ದುದು ಫಲಿತಾಂಶ ಖಾಲಿ ಇಲ್ಲ ಎಂಬುದನ್ನು ಮಾತ್ರ. ಸರ, ದರ ಏನು ಬಂದರೂ ಖಾಲಿ ಅಲ್ಲವಲ್ಲ, ಹಸಿರು. ಕೋಡ್ ಬರೆದವರೇ ಟೆಸ್ಟ್ ಬರೆದರೆ ತಮಗೆ ಏನು ಹೊಳೆಯಲಿಲ್ಲವೋ ಅದು ಟೆಸ್ಟಿನಲ್ಲೂ ಹೊಳೆಯುವುದಿಲ್ಲ. ಮನುಷ್ಯರ ವಿಷಯದಲ್ಲಿ ಇದನ್ನು ಆಫೀಸಿನಲ್ಲಿ ನೂರು ಸಲ ಹೇಳಿದ್ದೇನೆ. ಯಂತ್ರದ ವಿಷಯದಲ್ಲಿ ಮರೆತೆ, ಸುಮ್ನೆ ಹಸಿರು ಬಣ್ಣ ನೋಡಿ ಖುಷಿಪಟ್ಟೆ.

ದೊಡ್ಡ ಮಟ್ಟದಲ್ಲೂ ನಡೆದಿರುವುದು ಇದೇ. 2021ರಲ್ಲಿ ಓಪನ್‌ಎಐ ತನ್ನ ಕೋಡೆಕ್ಸ್ ಮಾದರಿಯನ್ನು ಅಳೆಯಲು ಹ್ಯೂಮನ್‌ಇವಾಲ್ ಎಂಬ 164 ಲೆಕ್ಕಗಳ ಪರೀಕ್ಷೆ ಮಾಡಿತು. ಆಗ ಕೋಡೆಕ್ಸ್ ಒಂದೇ ಪ್ರಯತ್ನದಲ್ಲಿ ಸರಿಯಾಗಿ ಬಿಡಿಸಿದ್ದು 28.8%. ಮುಂದಿನ ಮಾದರಿಗಳ ಅಂಕ ಏರುತ್ತಲೇ ಹೋಯಿತು. 2023ರಲ್ಲಿ ಕೆಲವು ಸಂಶೋಧಕರು ಲೆಕ್ಕಗಳನ್ನು ಹಾಗೇ ಇಟ್ಟುಕೊಂಡು, ಉತ್ತರ ತಾಳೆ ನೋಡುವ ಟೆಸ್ಟುಗಳನ್ನು ಮಾತ್ರ 80 ಪಟ್ಟು ಜಾಸ್ತಿ ಮಾಡಿದರು. ಅದೇ ಕೋಡ್, ಅದೇ ಮಾದರಿಗಳು, ಆದರೆ ಅಂಕಗಳು ಇಳಿದವು. ಮೊದಲು ‘ಸರಿ’ ಅನ್ನಿಸಿಕೊಂಡಿದ್ದ ಎಷ್ಟೋ ಉತ್ತರಗಳು ಬರೀ ಸಡಿಲ ಪರೀಕ್ಷೆಯಲ್ಲಿ ಪಾರಾದವಾಗಿದ್ದವು. ನನ್ನ ಕೇಸಿನಲ್ಲಿ ಆ 80 ಪಟ್ಟು ಟೆಸ್ಟಿನ ಕೆಲಸ ಮಾಡಿದ್ದು ದೊಡ್ಡಪ್ಪ, ಕನ್ನಡಕ ಹಾಕಿಕೊಂಡು.

ಮರುದಿನ ಎಐಗೆ ಹೇಳಿದೆ: ಕನ್ನಡದ ಗುಣಿತದ ಗುರುತುಗಳ ಹತ್ತಿರ ಪದ ಒಡೆಯುತ್ತಿದೆ ನೋಡು. ತಕ್ಷಣ ತಪ್ಪೊಪ್ಪಿಕೊಂಡಿತು. ಕಾರಣವನ್ನೂ ನನಗಿಂತ ಚೆನ್ನಾಗಿ ವಿವರಿಸಿತು! ಗೊತ್ತಿದ್ದರೆ ಮೊದಲೇ ಯಾಕೆ ಮಾಡಲಿಲ್ಲ ಅಂತ ಸಿಟ್ಟು ಬರುವುದು ಇಲ್ಲೇ. ಅದು ಓದಿ ಕಲಿತಿರುವ ಕೋಡಿನ ರಾಶಿಯಲ್ಲಿ ಹೆಚ್ಚಿನದು ಇಂಗ್ಲಿಷ್ ಪಠ್ಯಕ್ಕಾಗಿ ಬರೆದದ್ದು. ‘ಪದ ಬೇರ್ಪಡಿಸು’ ಅಂದರೆ ಮೊದಲು ಕೈಗೆ ಸಿಗುವುದು ಅದೇ ಹಳೇ ಚಿಹ್ನೆ. ನೀವು ಬೆರಳಿಟ್ಟು ತೋರಿಸುವವರೆಗೆ ಕನ್ನಡದ ತಿಳಿವಳಿಕೆ ಕಪಾಟಿನಲ್ಲೇ ಕೂತಿರುತ್ತದೆ. ಈ ಸಲ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಇಡೀ ಸಾಲನ್ನೇ ಪದದ ಭಾಗ ಎಂದು ಪರಿಗಣಿಸಿತು. ಮೊಸರು ಮೊಸರಾಯಿತು, ಗಂಡ ಮನೆಗೆ ಬಂದ.

ಎರಡನೇ ಪಿಡಿಎಫ್ ಹೋಯಿತು. ಎರಡನೇ ಫೋನ್ ಬಂತು. ‘ನೀರು ಎರಡು ಸಲ ಇದೆಯಲ್ಲ ಮಾರಾಯ. ಒಂದರ ಕೆಳಗೆ ಒಂದಷ್ಟು ಗಾದೆ, ಇನ್ನೊಂದರ ಕೆಳಗೆ ಇನ್ನೊಂದಷ್ಟು. ಕೀಲಿಯೂ ಎರಡು, ಬೀಗವೂ ಎರಡು.’

ಇದು ಎಐ ತಪ್ಪು ಅಂತ ಪೂರ್ತಿ ಹೇಳಲಾರೆ. ‘ನೀ’ಯ ಈ ಕಾರದ ಗುರುತನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಇಡಿಯಾಗಿ ಒಂದೇ ಗುರುತು, ಅಥವಾ ಗುಡಿಸು ಹಾಕಿ ಪಕ್ಕದಲ್ಲಿ ದೀರ್ಘ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನುಡಿಯ ಹಳೇ ಫಾಂಟಿನಲ್ಲಿ ದೀರ್ಘ ಬೇರೆಯಾಗಿಯೇ ಇರುತ್ತಿತ್ತು, ಯೂನಿಕೋಡಿಗೆ ಬದಲಿಸಿದವರು ಅದನ್ನು ಹಾಗೇ ಬಿಟ್ಟಿದ್ದರು. ಅಕ್ಕನ ಮಗಳ ಫೋನ್ ಹಾಕಿದ್ದು ಇಡಿಯಾದ ಗುರುತು. ಪರಿಹಾರ ಒಂದೇ ಸಾಲಿನದು, ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಎಲ್ಲವನ್ನೂ ತರುವುದು. ಹೇಳಿದ ತಕ್ಷಣ ಹಾಕಿಕೊಟ್ಟಿತು. ಫೈಲಿನಲ್ಲಿ ಎರಡು ಕಾಲದ ಟೈಪಿಂಗ್ ಇದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು, ನಾನೇ ಹೇಳಿರಲಿಲ್ಲ. ಅನುಭವ ಇರುವ ಮನುಷ್ಯರಾದರೆ ‘ಈ ಫೈಲ್ ಎಲ್ಲಿಂದ ಬಂತು?’ ಎಂದು ಒಂದು ಮಾತು ಕೇಳುತ್ತಿದ್ದರೇನೋ. ಅದು ಕೇಳಲಿಲ್ಲ, ನೇರ ಬರೆಯಲು ಶುರುಮಾಡಿತು.

ಮೂರನೆಯದು ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸಿದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೂಚಿಯಲ್ಲಿ ‘ಅಳಿಯ’ ಎಂಬುದು ‘ಅವಸರ’ಕ್ಕಿಂತ ಮೊದಲು ಬಂದಿತ್ತು. ವರ್ಣಮಾಲೆ ಬಾಯಿಪಾಠ ಮಾಡಿದವರು ಯಾರಾದರೂ ಹೇಳುತ್ತಾರೆ: ಯ ರ ಲ ವ ಶ ಷ ಸ ಹ ಳ. ಳ ಕೊನೆಯದು. ಯೂನಿಕೋಡಿನ ಪಟ್ಟಿಯಲ್ಲಿ ಮಾತ್ರ ಳ ಕೂತಿರುವುದು ಲ ಪಕ್ಕದಲ್ಲಿ, ವ ಬರುವುದಕ್ಕೆ ಮೊದಲು. ಬರೀ ಯೂನಿಕೋಡ್ ನಂಬರ್ ನೋಡಿ ಜೋಡಿಸಿದರೆ ಅಳಿಯ ಅವಸರಪಟ್ಟು ಮುಂದೆ ಬಂದುಬಿಡುತ್ತಾನೆ. ದೊಡ್ಡಪ್ಪನ ಪ್ರಕಾರ ಅಳಿಯನ ಸ್ವಭಾವವೇ ಅದು, ಆದರೆ ಪುಸ್ತಕದಲ್ಲಿ ಆಗಕೂಡದು.

‘ಕನ್ನಡದ ನಿಘಂಟಿನ ಕ್ರಮದಲ್ಲಿ ಜೋಡಿಸು’ ಎಂದೆ. ಮೊದಲು ಅದು ಒಂದು ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೇಳಿತು, ಕನ್ನಡ ಜೋಡಣೆಗೆಂದೇ ಇರುವುದು ಅಂತ. ಇನ್‌ಸ್ಟಾಲ್ ಮಾಡಲು ಹೋದರೆ ಅಂಥ ಪ್ಯಾಕೇಜೇ ಇಲ್ಲ. ಹೆಸರು ಮಾತ್ರ ಎಷ್ಟು ಸಹಜವಾಗಿತ್ತೆಂದರೆ ನಾನೇ ಎರಡು ಸಲ ಸ್ಪೆಲಿಂಗ್ ತಪ್ಪಾಯಿತೇನೋ ಅಂತ ನೋಡಿದೆ. ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳವರು 16 ಮಾದರಿಗಳಿಂದ 5,76,000 ಕೋಡ್ ತುಣುಕು ಬರೆಸಿ ನೋಡಿದಾಗ, ಅವು ಸೂಚಿಸಿದ ಪ್ಯಾಕೇಜುಗಳಲ್ಲಿ 19.7% ಇಲ್ಲವೇ ಇಲ್ಲದವು. ಇಲ್ಲದ ಪ್ಯಾಕೇಜಾದರೆ ಎರರ್ ಬಂದು ಗೊತ್ತಾಗುತ್ತದೆ, ಅದು ಪುಣ್ಯ. ಯಾರಾದರೂ ಕಳ್ಳರು ಅದೇ ಹೆಸರಿನಲ್ಲಿ ಕೆಟ್ಟ ಕೋಡ್ ಹಾಕಿಟ್ಟು ಕಾಯುತ್ತಿದ್ದರೆ ಆಗ ಕಷ್ಟ.

ಆಮೇಲೆ ಅದು ದಾರಿ ಬದಲಿಸಿ, ಕಂಪ್ಯೂಟರಿನಲ್ಲೇ ಇರುವ ಕನ್ನಡದ ಲೊಕೇಲ್, ಅಂದರೆ ಆ ಭಾಷೆಯ ಅಕ್ಷರಕ್ರಮ ಮುಂತಾದ್ದನ್ನು ತಿಳಿಸುವ ಸೆಟ್ಟಿಂಗ್, ಬಳಸೋಣ ಎಂದಿತು. ಓಡಿಸಿದರೆ ಎರರ್: ಈ ಲೊಕೇಲ್ ಇಲ್ಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿರಲಿಲ್ಲ. ಎರರನ್ನು ಹಾಗೇ ಕಾಪಿ ಮಾಡಿ ಕೊಟ್ಟೆ. ‘ಸರಿಪಡಿಸಿದ್ದೇನೆ, ಈಗ ಕೆಲಸ ಮಾಡುತ್ತದೆ’ ಎಂದಿತು. ಓಡಿಸಿದೆ. ಎರರ್ ಹೋಗಿತ್ತು.

ಅಳಿಯ ಅಲ್ಲೇ ಇದ್ದ.

ಕೋಡ್ ತೆರೆದು ನೋಡಿದರೆ, ಲೊಕೇಲ್ ಸಾಲನ್ನು ಟ್ರೈ-ಎಕ್ಸೆಪ್ಟ್ ಎಂಬ, ಎರರ್ ಬಂದರೆ ನಿಲ್ಲದೆ ಬೇರೆ ದಾರಿ ಹಿಡಿಯುವ ಏರ್ಪಾಡಿನ ಒಳಗೆ ಸುತ್ತಿಟ್ಟಿದೆ. ಕನ್ನಡದ ಲೊಕೇಲ್ ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಹಳೇ ಯೂನಿಕೋಡ್ ಕ್ರಮದಲ್ಲೇ ಜೋಡಿಸು ಅಂತ! ಮೇಲೆ ಕಾಮೆಂಟ್ ಬೇರೆ, ‘ಕನ್ನಡ ಅಕಾರಾದಿ ಕ್ರಮ’. ಮನೆಯಲ್ಲಿ ಹೊಗೆ ಬಂದಾಗ ಕೂಗುವ ಯಂತ್ರದ ಬ್ಯಾಟರಿ ತೆಗೆದಿಟ್ಟು ‘ಈಗ ಕೂಗುತ್ತಿಲ್ಲ’ ಅಂದ ಹಾಗೆ. ನಾನು ಕೇಳಿದ್ದು ಎರರ್ ಹೋಗಿಸು ಅಂತ ಅಂದುಕೊಂಡಿತು, ಅದನ್ನು ಮಾಡಿಕೊಟ್ಟಿತು. ಈ ಚಾಳಿಯನ್ನು ಆಫೀಸಿನಲ್ಲೂ ನೋಡುತ್ತಿದ್ದೇನೆ. ಕೂಗಿ ಸಾಯುತ್ತಿದ್ದ ಪ್ರೋಗ್ರಾಂ, ಎಐ ಕೈಯಾಡಿಸಿದ ಮೇಲೆ ನಗುನಗುತ್ತಾ ತಪ್ಪು ಉತ್ತರ ಕೊಡುತ್ತದೆ. ನನ್ನನ್ನು ಕೇಳಿದರೆ ಓಡದೇ ಇರುವ ಕೋಡ್ ಎಷ್ಟೋ ವಾಸಿ, ಅದು ಯಾರಿಗೂ ಮೋಸ ಮಾಡುವುದಿಲ್ಲ.

ಅಲ್ಲಿಗೆ ನಾನು ಪದ್ಧತಿ ಬದಲಿಸಿದೆ. ದೊಡ್ಡಪ್ಪನಿಗೆ ಫೋನ್ ಮಾಡಿ, ‘ನೀವು ಒಂದು ಹಾಳೆಯಲ್ಲಿ ಪದಗಳ ಜೋಡಿ ಬರೆದುಕೊಡಿ, ಯಾವುದು ಮೊದಲು ಬರಬೇಕು, ಯಾವುದು ಆಮೇಲೆ’ ಎಂದೆ. ಮೇಷ್ಟ್ರಿಗೆ ಇಂಥದ್ದು ಅಂದರೆ ಹಬ್ಬ. ಎರಡು ದಿನದಲ್ಲಿ ನಲವತ್ತು ಜೋಡಿ ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಬಂತು, ಕೆಂಪು ಇಂಕಿನಲ್ಲಿ. ಅವಸರ ಮೊದಲು, ಅಳಿಯ ಆಮೇಲೆ. ಕೌದಿ ಮೊದಲು, ಕ್ರಮ ಆಮೇಲೆ. ಪದ ಒಡೆಯುವುದಕ್ಕೂ ಹತ್ತು ಗಾದೆ ಹಾಕಿದ್ದರು, ಪ್ರತಿಯೊಂದಕ್ಕೂ ಯಾವ ಪದಗಳು ಬರಬೇಕು ಅಂತ ಪಕ್ಕದಲ್ಲಿ. ಅವನ್ನೆಲ್ಲ ನಾನೇ ಕೈಯಾರೆ ಟೆಸ್ಟ್ ಮಾಡಿ ಹಾಕಿದೆ. ಎಐಗೆ ಹೇಳಿದ್ದು ಇಷ್ಟು: ಅಕ್ಷರಗಳ ಕ್ರಮ ಇದು, ಈ ಪಟ್ಟಿ ನೋಡಿ ಜೋಡಿಸುವ ಕೋಡ್ ಬರೆ, ಟೆಸ್ಟ್ ಫೈಲನ್ನು ಮುಟ್ಟಬೇಡ, ಗೊತ್ತಿಲ್ಲದ ಅಕ್ಷರ ಸಿಕ್ಕರೆ ನಿಂತು ಕೂಗು.

ಎರಡನೇ ಪ್ರಯತ್ನಕ್ಕೆ ಎಲ್ಲ ಪಾಸ್. ಈ ಸಲ ಆ ಹಸಿರಿಗೆ ಅರ್ಥ ಇತ್ತು. ಆಮೇಲೆ ಪೂರ್ತಿ ಫೈಲ್ ಕೊಟ್ಟಾಗ ಅದು ನಿಜವಾಗಿಯೂ ನಿಂತು ಕೂಗಿತು. ಒಂದು ಗಾದೆಯೊಳಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿತ್ತು, ಅಕ್ಷರಗಳು ಒತ್ತಾಗದಂತೆ ತಡೆಯಲು ಬಳಸುತ್ತಾರಲ್ಲ, ಆ ಗುರುತು. ಹಳೇ ಕೋಡ್ ಆಗಿದ್ದರೆ ಆ ಪದವನ್ನು ಅಲ್ಲಿಗೇ ತುಂಡು ಮಾಡಿ ಮುಂದೆ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಭಾಗವನ್ನು ಎಐ ಮೊದಲ ಏಟಿಗೇ ಸರಿಯಾಗಿ ಮಾಡಿತು. ಸೂಚಿಯನ್ನು ಫೋನಿನಲ್ಲಿ ನೋಡುವ ಹಾಗೆ ಒಂದು ವೆಬ್ ಪುಟ, ಮೇಲೆ ಹುಡುಕುವ ಡಬ್ಬಿ, ಅಕ್ಷರ ದೊಡ್ಡದು ಮಾಡುವ ಬಟನ್. ಅದರಲ್ಲಿ ನಾನು ಒಂದು ಸಾಲೂ ತಿದ್ದಲಿಲ್ಲ. ಅಂಥ ಪುಟ ಲೋಕದಲ್ಲಿ ಲಕ್ಷಗಟ್ಟಲೆ ಇವೆ, ಅದು ಲಕ್ಷಗಟ್ಟಲೆ ನೋಡಿದೆ. ನನಗೆ ವೆಬ್ ಪುಟ ಬರೆಯಲು ಬರುವುದೂ ಇಲ್ಲ, ಅದಿಲ್ಲದಿದ್ದರೆ ಆ ಭಾಗ ಆಗುತ್ತಲೇ ಇರಲಿಲ್ಲ.

ಹಾಗಾದರೆ ಒಟ್ಟಿನಲ್ಲಿ ಸಮಯ ಉಳಿಯಿತಾ? ಮೂರು ಭಾನುವಾರ ಹೋಯಿತು. ನಾನೊಬ್ಬನೇ ಮಾಡಿದ್ದರೆ ಐದಾಗುತ್ತಿತ್ತು ಅನ್ನಿಸುತ್ತದೆ. ಆದರೆ ಈ ‘ಅನ್ನಿಸುತ್ತದೆ’ಯನ್ನು ನಾನೇ ನಂಬುವುದಿಲ್ಲ, ಕಾರಣ ಇದೆ. 2025ರ ಜುಲೈಯಲ್ಲಿ ಎಂಇಟಿಆರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಕೊಟ್ಟಿತು. 16 ಜನ ಅನುಭವಿ ಪ್ರೋಗ್ರಾಮರುಗಳು, ತಮಗೆ ಚೆನ್ನಾಗಿ ಗೊತ್ತಿರುವ ಓಪನ್ ಸೋರ್ಸ್ ಕೋಡಿನಲ್ಲಿ 246 ಕೆಲಸಗಳು. ಯಾವುದಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಶುರುವಿನಲ್ಲಿ ಅವರ ಅಂದಾಜು, ಎಐ ಇದ್ದರೆ ಸಮಯ 24% ಉಳಿಯುತ್ತದೆ ಅಂತ. ಮುಗಿದ ಮೇಲೂ 20% ಉಳಿಯಿತು ಅಂದರು. ಅಳೆದು ನೋಡಿದರೆ 19% ಜಾಸ್ತಿ ಸಮಯ ಹಿಡಿದಿತ್ತು. ಅದು ಆಗಿನ ಮಾದರಿಗಳ ಮಾತು, 16 ಜನರ ಮಾತು, ಅದನ್ನೇ ಎಲ್ಲರಿಗೂ ಅನ್ವಯಿಸಲು ಆಗುವುದಿಲ್ಲ. ಆದರೆ ನಮಗೆ ಬೇಗ ಆಯಿತು ಅನ್ನಿಸುವುದಕ್ಕೂ ನಿಜವಾಗಿ ಬೇಗ ಆಗುವುದಕ್ಕೂ ಅಷ್ಟು ಅಂತರ ಇರಬಹುದು ಎಂಬುದು ನನಗೆ ಹೆದರಿಕೆ ಹುಟ್ಟಿಸಿತು. ನನ್ನ ಮೊದಲ ಹತ್ತು ನಿಮಿಷ ನೆನಪಿರುತ್ತದೆ, ಅಳಿಯನ ಹಿಂದೆ ಅಲೆದ ಭಾನುವಾರ ಮರೆತುಹೋಗುತ್ತದೆ, ಅಲ್ವಾ.

ಒಂದು ಕೆಲಸ ಮಾತ್ರ ಕೊನೆಗೂ ಆಗಲಿಲ್ಲ. ‘ಮದ್ದು ಅಂತ ಹುಡುಕಿದರೆ ಹಿತ್ತಲ ಗಿಡ ಸಿಗಬೇಕಲ್ಲ?’ ಎಂದು ದೊಡ್ಡಪ್ಪ ಕೇಳಿದರು. ಗಾದೆಯಲ್ಲಿರುವುದು ‘ಮದ್ದಲ್ಲ’. ಮದ್ದು ಮತ್ತು ಅಲ್ಲ ಸೇರಿ ಲೋಪಸಂಧಿ. ಎಐಗೆ ಕೇಳಿದೆ. ಪದದ ಕೊನೆಯ ಪ್ರತ್ಯಯಗಳನ್ನು ಕತ್ತರಿಸುವ ಒಂದು ಉದ್ದದ ಪಟ್ಟಿ ಮಾಡಿಕೊಟ್ಟಿತು, ‘ಅಲ್ಲ’ವೂ ಅದರಲ್ಲಿತ್ತು. ‘ಮದ್ದಲ್ಲ’ ಎಂಬುದು ‘ಮದ್ದು’ ಆಯಿತು, ಸರಿ. ಅದೇ ಏಟಿಗೆ ‘ಬೆಲ್ಲ’ದ ಬಾಲವೂ ಹೋಯಿತು. ಬೆಲ್ಲ ಉಳಿಸಲು ಒಂದು ನಿಯಮ ಸೇರಿಸಿದರೆ ಮದ್ದು ಹೋಗುತ್ತದೆ, ಮದ್ದು ಉಳಿಸಿದರೆ ಇನ್ನೇನೋ ಹೋಗುತ್ತದೆ. ಒಂದು ಸಂಜೆ ಹಾಗೇ ಎಳೆದಾಡಿ, ಆ ಕೋಡನ್ನು ಅಳಿಸಿ ಹಾಕಿದೆ.

ಈಗ ಆ ಭಾಗವನ್ನು ದೊಡ್ಡಪ್ಪ ಪ್ರಿಂಟ್ ತೆಗೆಸಿಕೊಂಡು ಪೆನ್ಸಿಲಿನಲ್ಲಿ ಮಾಡುತ್ತಿದ್ದಾರೆ. ಪ್ರತಿ ಪದದ ಪಕ್ಕ ಅದರ ಮೂಲರೂಪ ಬರೆಯುವುದು. ವಾರಕ್ಕೊಮ್ಮೆ ಹಾಳೆಯ ಫೋಟೋ ಕಳಿಸುತ್ತಾರೆ, ನಾನು ಫೈಲಿಗೆ ಹಾಕುತ್ತೇನೆ. ಮೊನ್ನೆ ‘ತ’ ಮುಗಿದಿತ್ತು. ಆ ಹಾಳೆಯ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು: ‘ತಾಳಿದವನು ಬಾಳಿಯಾನು, 1,132ನೇ ಗಾದೆ, ನಿನ್ನ ಸೂಚಿಯಲ್ಲಿ 1,123 ಅಂತ ಇದೆ. ಕಂಪ್ಯೂಟರಾ, ನೀನಾ?’

ನೋಡಿದೆ. ಅದು ನಾನೇ ಕೈಯಲ್ಲಿ ಟೈಪ್ ಮಾಡಿದ್ದ ಸಾಲು.